ದೂರದ ಯುದ್ಧ, ನಮ್ಮ ತೋಟ: ಪೊಟ್ಯಾಷ್ ಚೀಟಿಯನ್ನು ಯಾಕೆ ಎತ್ತಿಡಬೇಕು?

ಕಳೆದ ವಾರ ಬೆಳ್ತಂಗಡಿ ಕಡೆಯ ಓದುಗ ತಂಗಿಯೊಬ್ಬಳು ವಾಟ್ಸಾಪ್‌ನಲ್ಲಿ ಒಂದು ಪ್ರಶ್ನೆ ಕಳಿಸಿದ್ದಳು. ಕೃಷಿ ಅರ್ಥಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಮನೆಯಲ್ಲಿ ಎರಡೆಕರೆ ಅಡಿಕೆ, ಸ್ವಲ್ಪ ತೆಂಗು. "ಅಣ್ಣಾ, ದೂರದ ಯುದ್ಧಗಳಿಂದ ಆಹಾರ ಭದ್ರತೆಗೆ ಎಂತ ಆಗ್ತದೆ ಅನ್ನುವ ವಿಷಯದಲ್ಲಿ ಪಿಎಚ್‌ಡಿ ಮಾಡ್ಲಿಕ್ಕೆ ಫೆಲೋಶಿಪ್ ಉಂಟು. ಅರ್ಜಿ ಹಾಕ್ತೇನೆ ಅಂದ್ರೆ ಅಪ್ಪ ನಗಾಡ್ತಾರೆ. ಉಕ್ರೇನಿನಲ್ಲಿ ಬಾಂಬು ಬಿದ್ರೆ ನಮ್ಮ ಅಡಿಕೆ ಮರಕ್ಕೆ ಎಂತ ಆಗ್ತದೆ, ಅದಕ್ಕೆ ಸರ್ಕಾರದ ದುಡ್ಡು ಬೇರೆ ದಂಡ ಅಂತಾರೆ. ಅವರಿಗೆ ಎಂತ ಹೇಳುವುದು?"

ಎರಡು ಸಾಲಿನಲ್ಲಿ ಉತ್ತರ ಬರೆಯಲು ಹೋದೆ, ಆಗಲಿಲ್ಲ. ಹಾಗಾಗಿ ಈ ವಾರದ ಪಾಠವೇ ಅದು. ಅವಳ ಅಪ್ಪನ ಪ್ರಶ್ನೆ ತಮಾಷೆಯದ್ದಲ್ಲ. ಯುದ್ಧಕ್ಕೂ ನಮ್ಮ ಬುಡದ ಗೊಬ್ಬರಕ್ಕೂ ಇರುವ ಸಂಬಂಧವನ್ನು ಲೆಕ್ಕ ಸಮೇತ ತೋರಿಸಲು ಆಗದಿದ್ದರೆ ಅಂಥ ಸಂಶೋಧನೆಗೆ ದುಡ್ಡು ಹಾಕುವುದು ದಂಡವೇ.

ಜೆಪ್ಪುವಿನಿಂದಲೇ ಶುರು ಮಾಡುವ

ನಾನಿರುವುದು ಮಂಗಳೂರಿನ ಜೆಪ್ಪುವಿನಲ್ಲಿ. ತೋಟ ನೇತ್ರಾವತಿಯ ಆಚೆ, ಹರೇಕಳದ ಕಡೆ. ನಮ್ಮ ಈ ಭಾಗಕ್ಕೆ ದೂರದ ಯುದ್ಧದ ರುಚಿ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಇಲ್ಲೇ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು. ಮಂಗಳೂರು ಹಂಚು ಅಂತ ಊರೂರಿಗೆ ಹೋದದ್ದು ಆಮೇಲೆ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷರಿಗೆ ಜರ್ಮನರು ಶತ್ರುಗಳಾದರು. ಮಿಷನ್ನಿನಲ್ಲಿದ್ದ ಜರ್ಮನರನ್ನು ಕೂಡಿಹಾಕಿದರು, ಊರಿಗೆ ಕಳಿಸಿದರು. ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಕೊನೆಗೆ 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಮಣ್ಣು ನೇತ್ರಾವತಿಯದ್ದು, ಕೆಲಸ ಮಾಡುವ ಕೈಗಳು ಇಲ್ಲಿಯವರದ್ದು, ಆದರೂ ದಣಿ ಯಾರು ಅಂತ ತೀರ್ಮಾನ ಆದದ್ದು ಸಾವಿರಾರು ಮೈಲಿ ದೂರದಲ್ಲಿ.

ಅದೇ ಹೊತ್ತಿಗೆ ಜರ್ಮನಿಯ ಓಪ್ಪಾವ್ ಅನ್ನುವ ಊರಿನಲ್ಲಿ ಇನ್ನೊಂದು ಕಾರ್ಖಾನೆ ನಡೆಯುತ್ತಿತ್ತು. ಗಾಳಿಯಲ್ಲಿರುವ ಸಾರಜನಕವನ್ನು ಅಮೋನಿಯಾ ಮಾಡುವ ಮೊದಲ ದೊಡ್ಡ ಕಾರ್ಖಾನೆ ಅದು, ಶುರುವಾದದ್ದು 1913ರಲ್ಲಿ. ಗೊಬ್ಬರಕ್ಕೆ ಅಂತ ಕಟ್ಟಿದ್ದು. ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಚಿಲಿ ದೇಶದ ನೈಟ್ರೇಟ್ ಜರ್ಮನಿಗೆ ಹೋಗದಂತೆ ತಡೆದಾಗ, ಅದೇ ಅಮೋನಿಯಾ ಸಿಡಿಮದ್ದಿಗೆ ಹೋಯಿತು. ಇವತ್ತು ಪಣಂಬೂರಿನಲ್ಲಿ ಯೂರಿಯಾ ತಯಾರಾಗುವುದು ಅದೇ ವಿಧಾನದಲ್ಲಿ. ಯೂರಿಯಾ ಚೀಲ ಹೊತ್ತವರಿಗೆ ಯುದ್ಧ ದೂರದ್ದು ಅಂತ ಹೇಳಲು ಸ್ವಲ್ಪ ಕಷ್ಟ ಉಂಟು.

ಆಹಾರ ಭದ್ರತೆ ಅಂದರೆ ಗೋದಾಮಿನ ಲೆಕ್ಕವಲ್ಲ

ಈ ಪದವನ್ನು ಎಲ್ಲರೂ ಬಳಸುತ್ತಾರೆ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯ ನಂತರ ಅದಕ್ಕೆ ನಾಲ್ಕು ಕಾಲು ಅಂತ ಲೆಕ್ಕ ಹಿಡಿಯುತ್ತಾರೆ: ಆಹಾರ ಇರಬೇಕು, ಅದು ನಮ್ಮ ಕೈಗೆ ಎಟುಕಬೇಕು, ಮೈಗೆ ಹಿಡಿಯಬೇಕು, ಮತ್ತು ಇದೆಲ್ಲ ವರ್ಷ ಪೂರ್ತಿ ಇರಬೇಕು. ಎರಡನೆಯ ಕಾಲು, ಅಂದರೆ ಕೈಗೆ ಎಟುಕುವುದು, ಕರಾವಳಿಯ ನಮಗೆ ಎಲ್ಲಕ್ಕಿಂತ ಮುಖ್ಯ. ಗದ್ದೆ ಹೋಗಿ ತೋಟ ಆಗಿದೆ. ಅಡಿಕೆ ಮಾರಿ ಅಕ್ಕಿ ತರುತ್ತೇವೆ. ಜೆಪ್ಪು ಮಾರ್ಕೆಟಿನ ಹತ್ತಿರ ಅಂಗಡಿಯಲ್ಲಿ ಕುಚ್ಚಲಕ್ಕಿ ಕೇಳಿ ನೋಡಿ, ಬಹುಪಾಲು ಘಟ್ಟದ ಮೇಲಿನಿಂದ ಬಂದದ್ದೇ ಇರುತ್ತದೆ. ನಮ್ಮ ಗಂಜಿ ನಿಂತಿರುವುದು ಬೇರೆಯವರ ಗದ್ದೆಯ ಯೂರಿಯಾ ಮೇಲೆ, ನಮ್ಮ ಅಡಿಕೆಯ ರೇಟಿನ ಮೇಲೆ, ಕೆಲವು ಮನೆಗಳಲ್ಲಿ ಗಲ್ಫಿನಿಂದ ಬರುವ ದುಡ್ಡಿನ ಮೇಲೆ.

ಎಟುಕುವ ಪ್ರಶ್ನೆಯ ದೊಡ್ಡ ಪಾಠ 1943ರದ್ದು. 1942ರ ಮಾರ್ಚ್‌ನಲ್ಲಿ ಜಪಾನಿನ ಸೈನ್ಯ ರಂಗೂನ್ ಹಿಡಿಯಿತು. ಭಾರತಕ್ಕೆ ವರ್ಷಕ್ಕೆ ಹತ್ತು ಲಕ್ಷ ಟನ್‌ಗಿಂತ ಹೆಚ್ಚು ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮ. ಸುಮಾರು 30 ಲಕ್ಷ ಜನ ಸತ್ತರು. ಅಕ್ಕಿ ಬರಲಿಲ್ಲ, ಜನ ಸತ್ತರು ಅಂತ ಸರಳವಾಗಿ ಹೇಳಬಹುದಿತ್ತು. ಆದರೆ ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಬೇರೆಯೇ: 1943ರಲ್ಲಿ ಬಂಗಾಳದಲ್ಲಿದ್ದ ಧಾನ್ಯ 1941ಕ್ಕಿಂತ ಕಡಿಮೆ ಇರಲಿಲ್ಲ. ಯುದ್ಧದ ಖರ್ಚಿನಿಂದ ಬೆಲೆ ಏರಿತು. ಕೂಲಿ ಏರಲಿಲ್ಲ. ಕೂಲಿಯಾಳು, ಮೀನುಗಾರ, ಕ್ಷೌರಿಕ ಇಂಥವರು ಮೊದಲು ಸತ್ತರು, ಗದ್ದೆ ಇದ್ದವರು ಉಳಿದರು. ಸೇನ್ ಅವರ ಲೆಕ್ಕವನ್ನು ಒಪ್ಪದವರೂ ಇದ್ದಾರೆ, ಆ ವಾದ ಇನ್ನೂ ನಡೆಯುತ್ತಿದೆ. ಆದರೆ ಆಮೇಲೆ ಈ ವಿಷಯ ಓದುವವರು ಗೋದಾಮು ನೋಡುವುದಷ್ಟೇ ಅಲ್ಲದೆ ಕಿಸೆಯನ್ನೂ ನೋಡಲು ಕಲಿತರು.

ಅದೇ ಯುದ್ಧದಲ್ಲಿ ತಿರುವಾಂಕೂರಿನವರೂ ಬರ್ಮಾ ಅಕ್ಕಿಯಿಲ್ಲದೆ ಕಷ್ಟಪಟ್ಟರು, ಮರಗೆಣಸು ತಿಂದು ದಿನ ದೂಡಿದರು. ಕೇರಳದಿಂದ ನಮ್ಮ ಕಡೆಗೆ ಬಂದು ಗುಡ್ಡ ಕಡಿದು ತೋಟ ಮಾಡಿದವರ ಜಾಗದಲ್ಲಿ ಮರಗೆಣಸು ಯಾಕೆ ಇರುತ್ತದೆ ಅಂತ ಕೇಳಿದರೆ ಅವರ ಅಜ್ಜಿಯರು ಇದನ್ನೇ ಹೇಳುತ್ತಾರೆ.

ಗಲ್ಫಿನ ಮಾತು ಹೇಳಿದೆನಲ್ಲ. 1990ರ ಆಗಸ್ಟ್ 2ಕ್ಕೆ ಇರಾಕ್ ಕುವೈತ್‌ಗೆ ನುಗ್ಗಿತು. ಅಲ್ಲಿಂದ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಕರೆತಂದರು. ನಮ್ಮ ಜಿಲ್ಲೆಯವರೂ ಅದರಲ್ಲಿದ್ದರು. ಅಂಗಡಿಯಲ್ಲಿ ಅಕ್ಕಿ ಇತ್ತು, ರೇಟೂ ಅದೇ ಇತ್ತು, ಡ್ರಾಫ್ಟ್ ಮಾತ್ರ ಬರುತ್ತಿರಲಿಲ್ಲ. ಆ ಮನೆಗಳಿಗೆ ಅದು ಆಹಾರ ಭದ್ರತೆಯ ಪ್ರಶ್ನೆಯೇ.

2022ರಲ್ಲಿ ಚೀಲದ ಒಳಗೆ ಏನಾಯಿತು

ಈಗ ಗೊಬ್ಬರಕ್ಕೆ ಬರುವ. ತಂಗಿಯ ಅಪ್ಪನಿಗೆ ಉತ್ತರ ಇರುವುದು ಇಲ್ಲಿ.

ಪಣಂಬೂರಿನ ಎಂಸಿಎಫ್ ಕರ್ನಾಟಕದ ಏಕೈಕ ಯೂರಿಯಾ ಕಾರ್ಖಾನೆ. 1976ರಿಂದ ನಡೆಯುತ್ತಿದೆ. ಮೊದಲು ನಾಫ್ತಾದಿಂದ ಯೂರಿಯಾ ಮಾಡುತ್ತಿದ್ದರು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಅನಿಲ ಕೊಳವೆ ಬಂತು, 2021ರ ಜನವರಿ 5ರಂದು ಉದ್ಘಾಟನೆಯೂ ಆಯಿತು. ಈಗ ಯೂರಿಯಾಕ್ಕೆ ಬೇಕಾದ ಅನಿಲ ಕೊಚ್ಚಿಗೆ ಹಡಗಿನಲ್ಲಿ ದ್ರವ ರೂಪದಲ್ಲಿ ಬಂದು, ಅಲ್ಲಿಂದ ಕೊಳವೆಯಲ್ಲಿ ಇಲ್ಲಿಗೆ. ಅಂದರೆ ಲೋಕದಲ್ಲಿ ಹಡಗಿನ ಅನಿಲಕ್ಕೆ ಯಾರು ಎಷ್ಟು ಕೊಡುತ್ತಾರೆ ಅನ್ನುವುದು ನಮ್ಮ ಊರಿನ ಯೂರಿಯಾದ ಖರ್ಚನ್ನು ತೀರ್ಮಾನ ಮಾಡುತ್ತದೆ. 2022ರಲ್ಲಿ ರಷ್ಯಾದ ಅನಿಲ ಕಡಿಮೆಯಾದಾಗ ಯುರೋಪಿನವರು ಇದೇ ಹಡಗುಗಳ ಹಿಂದೆ ಬಿದ್ದರು. ಭಾರತಕ್ಕೆ ಅತಿ ಹೆಚ್ಚು ದ್ರವ ಅನಿಲ ಕೊಡುವುದು ಕತಾರ್, ಅದರ ಹಡಗುಗಳು ಹೊರಗೆ ಬರಲು ಇರುವುದು ಹೊರ್ಮುಜ್ ಜಲಸಂಧಿ ಒಂದೇ ದಾರಿ. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಹನ್ನೆರಡು ದಿನ ಹೊಡೆದಾಡಿದಾಗ ಗೊಬ್ಬರ ವ್ಯಾಪಾರಿಗಳ ಕಣ್ಣೆಲ್ಲ ಆ ಜಲಸಂಧಿಯ ಮೇಲೆ ಇತ್ತು.

2020ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಯೂರಿಯಾ ಟನ್ನಿಗೆ ಸರಾಸರಿ 230 ಡಾಲರ್ ಆಸುಪಾಸು. 2022ರ ಏಪ್ರಿಲ್‌ಗೆ 900 ದಾಟಿತು. ನಿಮ್ಮ ಸೊಸೈಟಿಯಲ್ಲಿ ಎಷ್ಟಿತ್ತು? 45 ಕೆ.ಜಿ. ಚೀಲಕ್ಕೆ 266 ರೂಪಾಯಿ 50 ಪೈಸೆ. ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಯಾಕಂದರೆ ಯೂರಿಯಾದ ರೇಟು ಸರ್ಕಾರ ನಿಗದಿ ಮಾಡಿದ್ದು. ಡಿಎಪಿಯನ್ನೂ 1,350 ರೂಪಾಯಿಯಲ್ಲೇ ಹಿಡಿದಿಟ್ಟರು. 2022ರ ಏಪ್ರಿಲ್‌ನಲ್ಲಿ ಚೀಲವೊಂದಕ್ಕೆ ಸಹಾಯಧನವನ್ನೇ 2,501 ರೂಪಾಯಿ ಮಾಡಿದರು. 2022–23ರಲ್ಲಿ ಕೇಂದ್ರದ ಗೊಬ್ಬರ ಸಹಾಯಧನ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಯುದ್ಧದ ಪೆಟ್ಟು ಬಿದ್ದದ್ದು ಖಜಾನೆಗೆ, ನಮಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಪೊಟ್ಯಾಷ್‌ನಲ್ಲಿ. ನಮ್ಮ ದೇಶ ಎಂಒಪಿ ಪೊಟ್ಯಾಷ್ ಅನ್ನು ಪೂರ್ತಿ ಹೊರಗಿನಿಂದಲೇ ತರುತ್ತದೆ. ಲೋಕದ ಪೊಟ್ಯಾಷ್‌ನ ದೊಡ್ಡ ಪಾಲು ಕೆನಡಾ, ರಷ್ಯಾ, ಬೆಲಾರುಸ್ ಈ ಮೂರೇ ದೇಶಗಳದ್ದು. ಬೆಲಾರುಸ್‌ಗೆ ಸಮುದ್ರ ಇಲ್ಲ. ಅದರ ಪೊಟ್ಯಾಷ್ ಲಿಥುವೇನಿಯಾದ ರೈಲಿನಲ್ಲಿ ಕ್ಲೈಪೆಡಾ ಬಂದರಿಗೆ ಹೋಗುತ್ತಿತ್ತು. ನಿರ್ಬಂಧಗಳ ಕಾರಣ 2022ರ ಫೆಬ್ರವರಿ 1ಕ್ಕೆ ಲಿಥುವೇನಿಯಾ ಆ ದಾರಿ ಮುಚ್ಚಿತು. ಅದೇ ತಿಂಗಳ 24ಕ್ಕೆ ರಷ್ಯಾ ಉಕ್ರೇನ್‌ಗೆ ನುಗ್ಗಿತು. ಪೊಟ್ಯಾಷ್‌ಗೆ 2010ರಿಂದ ಸಹಾಯಧನದ ಕ್ರಮ ಬೇರೆ: ಸರ್ಕಾರ ಪೋಷಕಾಂಶದ ಕಿಲೋಗೆ ಇಷ್ಟು ಅಂತ ಕೊಡುತ್ತದೆ, ಮಾರುವ ರೇಟು ಕಂಪೆನಿಯದ್ದು. ಹಾಗಾಗಿ ಸಾವಿರದ ಆಸುಪಾಸು ಇದ್ದ 50 ಕೆ.ಜಿ. ಚೀಲ 1,700 ರೂಪಾಯಿಗೆ ಹೋಯಿತು. ಅದೂ ಸಿಕ್ಕಿದರೆ.

ಯೂರಿಯಾ 266, ಪೊಟ್ಯಾಷ್ 1,700. ಈಗ ಹೇಳಿ, ಯಾರು ಎಂತ ಹಾಕ್ತಾರೆ?

ಎಕರೆ ಲೆಕ್ಕ ಮಾಡುವ. ಕಾಸರಗೋಡಿನ ಸಿಪಿಸಿಆರ್‌ಐ ಶಿಫಾರಸು ಮಾಡುವುದು ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಷ್ 140 ಗ್ರಾಂ. ಇದರ ಜೊತೆಗೆ ಹಸಿ ಸೊಪ್ಪು 12 ಕಿಲೋ, ಕಾಂಪೋಸ್ಟ್ 12 ಕಿಲೋ. ಎಂಒಪಿಯಲ್ಲಿ ನೂರಕ್ಕೆ 60 ಭಾಗ ಪೊಟ್ಯಾಷ್, ಅಂದರೆ ಮರಕ್ಕೆ ಸುಮಾರು 235 ಗ್ರಾಂ ಬೇಕು. ಎಕರೆಗೆ 550 ಮರ ಅಂತ ಹಿಡಿದರೆ ಎರಡೂವರೆ ಚೀಲ ಚಿಲ್ಲರೆ. ಹೆಚ್ಚುವರಿ ಖರ್ಚು ಎಕರೆಗೆ ಎರಡು ಸಾವಿರದ ಒಳಗೆ. ಅಡಿಕೆಗೆ ರೇಟಿರುವಾಗ ಇದು ದೊಡ್ಡ ಹೊರೆಯಲ್ಲ.

ತೆಂಗಿನದ್ದು ಹಾಗಲ್ಲ. ಮರವೊಂದಕ್ಕೆ ಪೊಟ್ಯಾಷ್ 1,200 ಗ್ರಾಂ, ಅಂದರೆ ಎಂಒಪಿ ಎರಡು ಕಿಲೋ. ಎಕರೆಗೆ 70 ಮರಕ್ಕೆ 140 ಕಿಲೋ, ಮೂರು ಚೀಲಕ್ಕೆ ಹತ್ತಿರ. ಆ ವರ್ಷ ಕಾಯಿಗೆ ರೇಟೂ ಇರಲಿಲ್ಲ. ನಮ್ಮ ತೋಟದ ಪಕ್ಕದ ಅಜ್ಜ ಆ ಮಳೆಗಾಲ ತೆಂಗಿಗೆ ಬರೀ ಯೂರಿಯಾ ಹಾಕಿದರು. "ಕಾಯಿ ಮಾರಿದ್ದು ಕೀಳುವವನ ಕೂಲಿಗೆ ಸಾಕಾಗುದಿಲ್ಲ, ಇನ್ನು ಪೊಟ್ಯಾಷ್ ಎಂತಕ್ಕೆ ಮಗಾ?" ಅಂದರು. ಅವರದ್ದು ತಪ್ಪು ಅಂತ ಹೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆದರೆ ನಮ್ಮ ಮಣ್ಣು ನೋಡಿ. ಮುರಕಲ್ಲು ಮಣ್ಣು, ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಪೊಟ್ಯಾಷ್ ಅಂಥ ಮಣ್ಣಿನಲ್ಲಿ ಕೂತುಕೊಳ್ಳುವ ವಸ್ತುವಲ್ಲ, ನೀರಿನ ಜೊತೆ ಇಳಿದು ಹೋಗುತ್ತದೆ. ಘಟ್ಟದ ಮೇಲಿನ ಕಪ್ಪು ಮಣ್ಣಿನವರು ಒಂದು ವರ್ಷ ಬಿಟ್ಟರೆ ಮಣ್ಣಿನ ಉಳಿತಾಯದಲ್ಲಿ ನಡೆಯಬಹುದು. ನಮಗೆ ಅಂಥ ಉಳಿತಾಯ ಇಲ್ಲ.

ತೆಂಗಿನ ಗಡಿಯಾರ

ತೆಂಗಿನ ಹೊಂಬಾಳೆ ಹೊರಗೆ ಕಾಣುವುದಕ್ಕೆ ಸುಮಾರು 32 ತಿಂಗಳು ಮೊದಲೇ ಮರದ ಸುಳಿಯ ಒಳಗೆ ಅದರ ಮೊಳಕೆ ಹುಟ್ಟಿರುತ್ತದೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಒಟ್ಟು 44 ತಿಂಗಳು. 2022ರ ಮೇ–ಜೂನಿನಲ್ಲಿ ಮರಕ್ಕೆ ಸಿಗದ ಪೊಟ್ಯಾಷ್‌ನ ಲೆಕ್ಕ 2026ರ ಶುರುವಿನಲ್ಲಿ ಕೀಳುವ ಕಾಯಿಯವರೆಗೂ ಹೋಗುತ್ತದೆ. ಈ ಮಧ್ಯೆ ಎಂತ ಆಯಿತು ಅಂದರೆ, 2025ರಲ್ಲಿ ತೆಂಗಿನಕಾಯಿಗೆ ಹಿಂದೆಂದೂ ಕಾಣದ ರೇಟು ಬಂತು. ಅಜ್ಜನ ಮರದಲ್ಲಿ ಕಾಯಿ ಇಲ್ಲ.

ಅದಕ್ಕೆ ಉಕ್ರೇನ್ ಯುದ್ಧ ಕಾರಣ ಅಂತ ನಾನು ಬರೆದುಬಿಟ್ಟರೆ ನೀವು ಶೇರ್ ಮಾಡುತ್ತೀರಿ, ಗೊತ್ತುಂಟು. ಆದರೆ ಅದು ಸುಳ್ಳಾದೀತು. 2023ರಲ್ಲಿ ಮಳೆ ಕೈಕೊಟ್ಟಿತ್ತು, 2024ರ ಬೇಸಿಗೆಯಲ್ಲಿ ಸೆಖೆ ಸುಟ್ಟಿತು. ಸುರುಳಿ ಬಿಳಿನೊಣ ಉಂಟು, ನುಸಿ ಉಂಟು, ಮಂಗ ಉಂಟು. ಇದರಲ್ಲಿ ಪೊಟ್ಯಾಷ್‌ನ ಪಾಲು ಎಷ್ಟು? ಪೊಟ್ಯಾಷ್ ಬಿಟ್ಟದ್ದರಲ್ಲಿ ಯುದ್ಧದ ಪಾಲು ಎಷ್ಟು? ಪಿಎಚ್‌ಡಿ ಬೇಕಾದದ್ದು ಇದಕ್ಕೆ.

ಇನ್ನೊಂದು ಸಂಗತಿ ಹೇಳುತ್ತೇನೆ, ಸಂಶೋಧನೆಗೆ ಹೋಗುವವರು ನೆನಪಿಟ್ಟುಕೊಳ್ಳಿ. ವಿಶ್ವಬ್ಯಾಂಕಿನ ತಿಂಗಳ ಬೆಲೆ ಪಟ್ಟಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಫೋನಿನಲ್ಲೇ ತೆರೆಯುತ್ತದೆ. ಅದರಲ್ಲಿ 2021ರ ಡಿಸೆಂಬರ್ ಸಾಲು ನೋಡಿ. ಯೂರಿಯಾ ಆಗಲೇ 890 ಡಾಲರ್ ಆಸುಪಾಸಿನಲ್ಲಿ ಕೂತಿದೆ. ಯುದ್ಧ ಶುರುವಾಗಲು ಇನ್ನೂ ಎರಡು ತಿಂಗಳು ಇತ್ತು! ಆ ಅಕ್ಟೋಬರ್‌ನಲ್ಲಿ ಚೀನಾ ಗೊಬ್ಬರ ರಫ್ತಿಗೆ ಕಡಿವಾಣ ಹಾಕಿತ್ತು, ಯುರೋಪಿನಲ್ಲಿ ಅನಿಲದ ಬೆಲೆ ಆಗಲೇ ಏರಿತ್ತು. ಯುದ್ಧ ಇಳಿಯಬೇಕಾದ ಬೆಲೆಯನ್ನು ಇಳಿಯಲು ಬಿಡಲಿಲ್ಲ ಅನ್ನುವುದು ಹೆಚ್ಚು ಸರಿ. ಪೇಪರಿನಲ್ಲಿ "ಯುದ್ಧದಿಂದ ಗೊಬ್ಬರ ದುಬಾರಿ" ಅಂತ ಒಂದೇ ಸಾಲಿನಲ್ಲಿ ಬರುತ್ತದೆ. ಪ್ರಬಂಧದಲ್ಲಿ ಅಷ್ಟು ಬರೆದರೆ ಗೈಡ್ ವಾಪಸ್ ಕಳಿಸಬೇಕು.

ಅಕ್ಕಿಯ ಕತೆಯೂ ಹೀಗೇ ಗೋಜಲು. 2022ರ ಮಾರ್ಚ್ ಬಿಸಿಲಿಗೆ ಉತ್ತರದಲ್ಲಿ ಗೋಧಿ ಕಡಿಮೆಯಾಯಿತು. ಕಪ್ಪು ಸಮುದ್ರದ ಗೋಧಿ ಸಿಕ್ಕಿಕೊಂಡ ಕಾರಣ ಹೊರದೇಶದಲ್ಲಿ ರೇಟು ಏರಿ, ವ್ಯಾಪಾರಿಗಳು ಹೆಚ್ಚು ಕೊಟ್ಟು ಕೊಂಡರು, ಸರ್ಕಾರದ ಖರೀದಿ ಇಳಿಯಿತು. ಮೇ 13ಕ್ಕೆ ಗೋಧಿ ರಫ್ತು ನಿಂತಿತು. ಪಡಿತರದಲ್ಲಿ ಕೆಲವು ರಾಜ್ಯಗಳಿಗೆ ಗೋಧಿಯ ಬದಲು ಅಕ್ಕಿ ಕೊಟ್ಟರು. ಮುಂದಿನ ವರ್ಷ ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ, ಕರ್ನಾಟಕ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ಅಕ್ಕಿ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಟ್ಟಿತು. ಅದರ ಹಿಂದೆ ರಾಜಕೀಯ ಇತ್ತು, ಎಲ್ ನಿನೋ ಹೆದರಿಕೆ ಇತ್ತು, ಬೆಲೆ ಏರಿಕೆ ಇತ್ತು. ಯುದ್ಧದ ಎಳೆಯೂ ಒಂದು ಇತ್ತು, ಸಣ್ಣದೋ ದೊಡ್ಡದೋ ಅಂತ ಬಿಡಿಸಿ ನೋಡಬೇಕು. ಜೆಪ್ಪುವಿನ ಒಂದು ಮನೆಗೆ ಆ 170 ರೂಪಾಯಿಯಲ್ಲಿ ಎಷ್ಟು ಕುಚ್ಚಲಕ್ಕಿ ಬಂತು ಅಂತ ಕೇಳಿ ಬರೆದರೆ ಅದೇ ಒಂದು ಅಧ್ಯಾಯ.

ಸಾವಯವದವನ ಜಂಬ

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2022ರ ಮಳೆಗಾಲದ ಮೊದಲು ಕೃಷಿಕರ ಗುಂಪೊಂದರಲ್ಲಿ ನಾನು ಬರೆದಿದ್ದೆ: "ಸಾವಯವದವರಿಗೆ ಯುದ್ಧದ ಬಿಸಿ ಇಲ್ಲ. ಹಟ್ಟಿ ಗೊಬ್ಬರಕ್ಕೆ ಹಡಗು ಬೇಡ." ಸುಮಾರು ಜನ ಕೈ ಮುಗಿದ ಚಿತ್ರ ಹಾಕಿದ್ದರು. ಆ ಸಪ್ಟೆಂಬರ್‌ನಲ್ಲಿ ಬೇವಿನ ಹಿಂಡಿ ತರಲು ಹೋದರೆ ಮಾಮೂಲಿ ಅಂಗಡಿಯಲ್ಲಿ ಇಲ್ಲ. ಪೊಟ್ಯಾಷ್ ಸಿಗದವರು, ರೇಟು ಕೇಳಿ ಹೆದರಿದವರು ಎಲ್ಲ ಹಿಂಡಿಗೆ ಬಂದಿದ್ದರು. ಸಿಕ್ಕಿದ್ದಕ್ಕೆ ಹೆಚ್ಚು ಕೊಟ್ಟೆ. ಕುರಿ ಗೊಬ್ಬರ ಘಟ್ಟದಿಂದ ಇಳಿಯುವ ಲಾರಿಯ ಡೀಸೆಲ್ ಖರ್ಚೂ ಏರಿತ್ತು. ಹಟ್ಟಿ ಗೊಬ್ಬರಕ್ಕೆ ಹಡಗು ಬೇಡ, ಸರಿ. ಆದರೆ ನನ್ನ ಹಟ್ಟಿಯಲ್ಲಿದ್ದದ್ದು ಎರಡು ದನ.

ಲೆಕ್ಕ ಮಾಡಿದರೆ ನನ್ನ ಜಂಬ ಇನ್ನೂ ಇಳಿಯುತ್ತದೆ. ಸಾಮಾನ್ಯ ಹಟ್ಟಿ ಗೊಬ್ಬರದಲ್ಲಿ ಪೊಟ್ಯಾಷ್ ನೂರಕ್ಕೆ ಅರ್ಧ ಭಾಗ. 12 ಕಿಲೋ ಹಾಕಿದರೆ 60 ಗ್ರಾಂ. ಅಡಿಕೆ ಮರಕ್ಕೆ ಆ 140 ಗ್ರಾಂ ಬೇಕಾದದ್ದು ಇದರ ಮೇಲೆ. ಉಳಿದದ್ದು ಎಲ್ಲಿಂದ? ನಾನು ಆಮೇಲೆ ಬದಲಾಯಿಸಿದ್ದು ಇಷ್ಟು: ತೆಂಗಿನ ಸಿಪ್ಪೆಯನ್ನು ಸುಡದೆ ಬುಡದ ಸುತ್ತ ಕವುಚಿ ಇಡುತ್ತೇನೆ, ಅದರಲ್ಲಿ ಪೊಟ್ಯಾಷ್ ಚೆನ್ನಾಗಿ ಉಂಟು, ನೀರೂ ಹಿಡಿಯುತ್ತದೆ. ಗೊನೆ ಕಡಿದ ಬಾಳೆಯ ದಿಂಡನ್ನು ತೋಟದಿಂದ ಹೊರಗೆ ಕಳಿಸುವುದಿಲ್ಲ, ಕೊಚ್ಚಿ ಅಡಿಕೆ ಬುಡಕ್ಕೆ. ಅಡಿಕೆ ಸೋಗೆ ಎರೆಗೊಬ್ಬರಕ್ಕೆ. ಬಚ್ಚಲು ಒಲೆಯ ಬೂದಿಯನ್ನು ಡಬ್ಬದಲ್ಲಿ ಮುಚ್ಚಿ ಇಡುತ್ತೇನೆ. ಬೂದಿ ಹೊರಗೆ ಮಳೆಗೆ ನೆನೆದರೆ ಅದರ ಪೊಟ್ಯಾಷ್ ತೊಳೆದು ಹೋಗುತ್ತದೆ, ಉಳಿಯುವುದು ಬರೀ ಬೂದು ಬಣ್ಣ. ಇದರಿಂದ ಹೊರಗಿನ ಖರೀದಿ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ನಿಂತಿದೆ ಅಂತ ಯಾರಾದರೂ ಸಾವಯವದವರು ಹೇಳಿದರೆ ಅವರ ಮಣ್ಣು ಪರೀಕ್ಷೆ ಚೀಟಿ ಕೇಳಿ.

ತಂಗಿಯ ಪ್ರಶ್ನೆ ಬಂದ ದಿನ ಆ ಸಪ್ಟೆಂಬರ್‌ನಲ್ಲಿ ಹಿಂಡಿಗೆ ಎಷ್ಟು ಕೊಟ್ಟಿದ್ದೆ ಅಂತ ಹುಡುಕಿದೆ. ಸಿಗಲಿಲ್ಲ. ಬಿಲ್ ಇಲ್ಲ, ಪುಸ್ತಕದಲ್ಲಿ ಬರೆದದ್ದಿಲ್ಲ, ಕ್ಯಾಶ್ ಕೊಟ್ಟಿದ್ದೆ. ಹೆಚ್ಚು ಕೊಟ್ಟೆ ಅಂತ ಮೇಲೆ ಬರೆದೆನಲ್ಲ, ಎಷ್ಟು ಹೆಚ್ಚು ಅಂತ ನನ್ನ ಹತ್ತಿರವೇ ಲೆಕ್ಕ ಇಲ್ಲ. ತೋಟಗಾರಿಕೆ ಓದಿದವನ ಕತೆ ಹೀಗಾದರೆ ಸಂಶೋಧನೆ ಮಾಡುವವರು ಯಾರನ್ನು ಕೇಳಬೇಕು?

ಚೀಟಿ, ಫೋನು, ಫೆಲೋಶಿಪ್

ಹಾಗಾಗಿ ಅರ್ಜಿ ಹಾಕದವರಿಗೂ ಇದರಲ್ಲಿ ಕೆಲಸ ಉಂಟು. 2018ರಿಂದ ಸಹಾಯಧನದ ಗೊಬ್ಬರ ಕೊಳ್ಳುವಾಗ ಅಂಗಡಿಯ ಯಂತ್ರದಲ್ಲಿ ಬೆರಳು ಒತ್ತುತ್ತೇವೆ, ಒಂದು ಚೀಟಿ ಬರುತ್ತದೆ. ಆ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಅಲ್ಲೇ ನಿಂತು ಫೋಟೋ ತೆಗೆಯಿರಿ. ಚೀಲದ ಹಿಂದಿನ ಬರಹದ ಫೋಟೋವನ್ನೂ ತೆಗೆಯಿರಿ, ಗರಿಷ್ಠ ಮಾರಾಟ ಬೆಲೆ, ತಿಂಗಳು, ಆಮದು ಮಾಡಿದವರ ಹೆಸರು ಅದರಲ್ಲಿ ಇರುತ್ತದೆ. ಪೊಟ್ಯಾಷ್ ಸಿಗದ ದಿನ "ಸಿಗಲಿಲ್ಲ" ಅಂತ ತಾರೀಕು ಹಾಕಿ ಬರೆದುಕೊಳ್ಳಿ. ಸರ್ಕಾರದ ಅಂಕಿಯಲ್ಲಿ ಮಾರಾಟ ಆದದ್ದು ಸಿಗುತ್ತದೆ, ಕೇಳಿ ಸಿಗದೆ ವಾಪಸ್ ಬಂದವರ ಲೆಕ್ಕ ಎಲ್ಲೂ ಇಲ್ಲ. ತೆಂಗು ಕೀಳುವ ದಿನ ಮರವಾರು ಬೇಡ, ಒಟ್ಟು ಕಾಯಿ ಎಣಿಸಿ ಬರೆದರೂ ಸಾಕು.

ಓದಲು ಹೋಗುವವರಿಗೆ: ಯುಜಿಸಿಯ ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000, ಒಟ್ಟು ಐದು ವರ್ಷದವರೆಗೆ. ಕೃಷಿ ವಿಶ್ವವಿದ್ಯಾಲಯಗಳಿಗೆ ಹೋಗುವವರಿಗೆ ಐಸಿಎಆರ್‌ನ ಪರೀಕ್ಷೆ ಬೇರೆ ಉಂಟು. ವಯಸ್ಸಿನ ಮಿತಿ ಇರುವ ಕಾರಣ ಮುಂದೂಡಬೇಡಿ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಇಂಥ ವಿಷಯಗಳಿಗೆ ಪಿಎಚ್‌ಡಿ ಮಾಡಬಹುದು. ಹಣ ಯಾರದ್ದು ಅಂತಲೂ ನೋಡಿ. ಗೊಬ್ಬರ ಕಂಪೆನಿ ಕೊಟ್ಟ ಹಣವಾದರೆ ಪ್ರಶ್ನೆ ಯಾರು ಬರೆದದ್ದು ಅಂತ ಕೇಳಿ, ಸಾವಯವ ಸಂಸ್ಥೆ ಕೊಟ್ಟರೂ ಅದೇ ಕೇಳಿ.

ಒಂದು ವಿಷಯ ಮಾತ್ರ ತಂಗಿಗೆ ಒತ್ತಿ ಬರೆದೆ. ಮೂರು ವರ್ಷದಲ್ಲಿ ಮುಗಿಸಲು ಹೊರಟರೆ ಭತ್ತದ ಮೇಲೆ ಯುದ್ಧದ ಪರಿಣಾಮ ಕಾಣಬಹುದು, ತೆಂಗಿನ ಮೇಲೆ ಕಾಣುವುದಿಲ್ಲ. "ಕರಾವಳಿಯಲ್ಲಿ ಗಣನೀಯ ಪರಿಣಾಮ ಇಲ್ಲ" ಅಂತ ಬರೆದು ಪದವಿ ತೆಗೆದುಕೊಳ್ಳಬಹುದು, 44 ತಿಂಗಳು ಕಾಯದ ಕಾರಣ ಅದು ಸುಳ್ಳು ಅಂತ ಯಾರಿಗೂ ಗೊತ್ತಾಗುವುದಿಲ್ಲ. 2022ರಿಂದ ಚೀಟಿ ಇಟ್ಟುಕೊಂಡ ಹತ್ತು ತೆಂಗಿನ ತೋಟ ಸಿಕ್ಕಿದರೆ ಹಿಂದಿನ ಲೆಕ್ಕ ಈಗಲೇ ತೆಗೆಯಬಹುದು ಅಂತ ಹೇಳಿದೆ. "ಅಂಥ ತೋಟ ಎಲ್ಲಿ ಸಿಗ್ತದೆ ಅಣ್ಣಾ?" ಅಂತ ಕೇಳಿದಳು.

ನಿನ್ನೆ ಅಜ್ಜನ ಹತ್ತಿರ ಕೇಳಿದೆ. ಅವರು ಒಳಗೆ ಹೋಗಿ ಬಿಸ್ಕೆಟಿನ ತಗಡು ಡಬ್ಬ ತಂದರು. ಸೊಸೈಟಿಯ ರಸೀದಿಗಳು, ವರ್ಷವಾರು ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದು, 2009ರಿಂದ. ಯಂತ್ರದ ಚೀಟಿಗಳೆಲ್ಲ ಬಿಳಿ ಕಾಗದ ಆಗಿವೆ. ಆದರೆ ಪ್ರತಿಯೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಚೀಲ, ರೇಟು, ತಾರೀಕು ಬರೆದಿದ್ದಾರೆ. 2022ರ ಕಟ್ಟಿನಲ್ಲಿ ಒಂದು ಖಾಲಿ ಚೀಟಿ ಇತ್ತು, ಅದರ ಹಿಂದೆ ಬರೆದದ್ದು "ಪೊ. ಹಾಕಲಿಲ್ಲ". ತಂಗಿಗೆ ಫೋಟೋ ಕಳಿಸಿದ್ದೇನೆ. ಭಾನುವಾರ ಅಪ್ಪನನ್ನೂ ಕರೆದುಕೊಂಡು ಹರೇಕಳಕ್ಕೆ ಬರುತ್ತಾಳಂತೆ.